ಗಡಿ ಇಲ್ಲದ ಗಡಿಕೋಟೆ: ಹಳೆಯ ಸಾಗರಶಿಲೆಯ ವಯಸ್ಸನ್ನು ತರಗತಿಯಲ್ಲಿ ಹೇಳುವುದು ಹೇಗೆ?

ಅಭ್ಯಾಸ ಬೋಧನೆಯ ಎರಡನೆಯ ವಾರ. ಮುದಗಲ್ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಶಿಲಾಗೋಳದ ಪಾಠ ನಡೆದಿತ್ತು. ಪ್ರಶಿಕ್ಷಣಾರ್ಥಿ ಒಳ್ಳೆಯ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಮೇಜಿನ ಮೇಲೆ ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ಚೂರು, ಊರಿನ ಗುಡ್ಡದ ಬೂದುಗಲ್ಲು, ಹಟ್ಟಿಯ ಕಡೆಯಿಂದ ಒಬ್ಬ ಹುಡುಗ ತಂದಿದ್ದ ಹಸಿರು ಮಿಶ್ರಿತ ಕಪ್ಪು ಕಲ್ಲು. ಕೊನೆಯದನ್ನು ಎತ್ತಿ ಹಿಡಿದು ಅವರು ಹೇಳಿದರು: ‘ಇದು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿ ಹರಿದ ಲಾವಾ.’ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ‘ಹಂಗಾದ್ರ ನಮ್ಮ ಕಡೆ ಸಮುದ್ರ ಇತ್ತೇನ್ರಿ? ಯಾವಾಗ ಇತ್ರಿ? ಯಾರು ನೋಡ್ಯಾರ್ರಿ?’

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, ‘ವಿಜ್ಞಾನಿಗಳು ಕಾರ್ಬನ್ ಪರೀಕ್ಷೆಯಿಂದ ಕಂಡುಹಿಡಿದಿದ್ದಾರೆ’ ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು ಒಂದೇ ಸಾಲು: ‘ಪ್ರಶ್ನೆ ಚೆನ್ನಾಗಿತ್ತು, ಉತ್ತರ ತಪ್ಪು.’ ಆ ಸಾಲು ಸಾಲದು ಎಂದು ಆಮೇಲೆ ಅನ್ನಿಸಿತು. ತಪ್ಪು ಅವರೊಬ್ಬರದಲ್ಲ. ನಮ್ಮಲ್ಲಿ ಬಹುಪಾಲು ಜನ ಆ ಮೂರು ಪ್ರಶ್ನೆಗಳಿಗೆ ಬೇರೆ ಉತ್ತರ ಕೊಡುತ್ತಿರಲಿಲ್ಲ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮುಂದಿನ ತಂಡದವರು ಪಾಠ ಯೋಜನೆ ಬರೆಯುವಾಗ ಉಪಯೋಗಕ್ಕೆ ಬರಬಹುದು.

ಹಳೆಯ ಸಾಗರ ಸಾಗರದಲ್ಲಿ ಸಿಗುವುದಿಲ್ಲ

ಮೊದಲು ಒಂದು ತೊಡಕನ್ನು ಗಮನಿಸಬೇಕು. ಇಂದಿನ ಮಹಾಸಾಗರಗಳ ತಳವನ್ನು ಎಲ್ಲಿ ಕೊರೆದರೂ ಬಹುಮಟ್ಟಿಗೆ 18 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆ ಸಿಗುವುದಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಉಳಿದ ಕಾಲದ ಸಾಗರತಳವೆಲ್ಲ ಎಲ್ಲಿ ಹೋಯಿತು? ಸಾಗರತಳ ನಡುಸಾಗರದ ಏಣುಗಳಲ್ಲಿ ಲಾವಾ ಉಕ್ಕಿ ಹುಟ್ಟುತ್ತದೆ, ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಪಕ್ಕಕ್ಕೆ ಸರಿಯುತ್ತದೆ, ತಣ್ಣಗಾಗಿ ಭಾರವಾಗುತ್ತದೆ, ಕೊನೆಗೆ ಫಲಕದ ಅಂಚಿನ ಕಂದಕಗಳಲ್ಲಿ ಬಾಗಿ ಭೂಗರ್ಭಕ್ಕೆ ಇಳಿದುಹೋಗುತ್ತದೆ. ಖಂಡಗಳ ಶಿಲೆ ಹಗುರ, ಅದು ಮುಳುಗುವುದಿಲ್ಲ. ಆದ್ದರಿಂದ 18 ಕೋಟಿಗಿಂತ ಹಿಂದಿನ ಸಾಗರವನ್ನು ಹುಡುಕುವವರು ನೆಲದ ಮೇಲೆ ಹುಡುಕಬೇಕು. ಎರಡು ಭೂಖಂಡಗಳು ಒಂದಕ್ಕೊಂದು ಒತ್ತಿಕೊಂಡಾಗ ಅವುಗಳ ನಡುವಿನ ಸಾಗರತಳದ ಬಹುಭಾಗ ಕೆಳಗಿಳಿದು, ಚೂರುಪಾರು ಮಾತ್ರ ನಡುವೆ ಸಿಕ್ಕಿಹಾಕಿಕೊಂಡು ಮೇಲೆ ಉಳಿಯುತ್ತದೆ. ಲಡಾಖಿನ ಸಿಂಧೂ ಕಣಿವೆಯ ಉದ್ದಕ್ಕೂ ಅಂಥ ಚೂರುಗಳಿವೆ. ಭಾರತ ಮತ್ತು ಏಷ್ಯಾ ಸುಮಾರು 5 ಕೋಟಿ ವರ್ಷಗಳ ಹಿಂದೆ ಕೂಡಿಕೊಂಡಾಗ ಮುಚ್ಚಿಹೋದ ಟೆಥಿಸ್ ಸಾಗರದ ತಳದ ಅವಶೇಷ ಅವು.

ನಮ್ಮ ಪುಸ್ತಕಗಳು ದಖ್ಖನ್ ಪ್ರಸ್ಥಭೂಮಿಯನ್ನು ‘ಸ್ಥಿರ ಭೂಭಾಗ’ ಎನ್ನುತ್ತವೆ. ಸರಿಯಾದ ಮಾತು. ಆದರೆ ಅದನ್ನು ಹೇಳಿದ ಕೂಡಲೆ ಫಲಕದ ಅಂಚುಗಳೆಂದರೆ ಹಿಮಾಲಯ, ಜಪಾನ್, ಪೆಸಿಫಿಕ್ ಸುತ್ತಿನ ಜ್ವಾಲಾಮುಖಿಗಳು ಮಾತ್ರ, ರಾಯಚೂರು ಜಿಲ್ಲೆಗೆ ಅದು ಸಂಬಂಧವಿಲ್ಲ ಎಂಬ ಭಾವನೆ ಮಕ್ಕಳಲ್ಲಿ ಕೂತುಬಿಡುತ್ತದೆ. ಇಂದು ಸ್ಥಿರವಾಗಿರುವ ನೆಲ ಎಂದೂ ಸ್ಥಿರವಾಗಿತ್ತು ಎಂದು ಇದರ ಅರ್ಥವಲ್ಲ.

‘ಹಿಂದಿನ ಕಾಲದ ಅಂಚು’ ಎಂಬ ಕಲ್ಪನೆ ಮುದಗಲ್ಲಿನ ಮಗುವಿಗೆ ಕಷ್ಟವಾಗಬಾರದು, ಏಕೆಂದರೆ ಅದು ದಿನಾ ನೋಡುವ ಕೋಟೆಯೇ ಅಂಥದು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ಬಿಜಾಪುರದವರೂ ತಲೆಮಾರುಗಟ್ಟಲೆ ಕಾದಾಡಿದರು. ಮುದಗಲ್ ಕೈಯಿಂದ ಕೈಗೆ ಹೋಯಿತು. ಇವತ್ತು ಮುದಗಲ್ ಸುತ್ತ ಯಾವ ರಾಜ್ಯದ ಗಡಿಯೂ ಇಲ್ಲ. ಆದರೂ ಇಷ್ಟು ದಪ್ಪ ಗೋಡೆ, ಇಷ್ಟು ಬುರುಜು, ಕಂದಕ ಇಲ್ಲೇಕೆ ಎಂದು ಕೇಳಿದರೆ ಏಳನೆಯ ತರಗತಿಯ ಮಗುವೂ ‘ಇಲ್ಲಿ ಗಡಿ ಇತ್ತು’ ಎನ್ನುತ್ತದೆ. ಭೂವಿಜ್ಞಾನಿ ಮಾಡುವುದೂ ಅದೇ ಕೆಲಸ. ಗಡಿ ಅಳಿದುಹೋಗಿದೆ. ಅದು ಇದ್ದಿದ್ದರೆ ಮಾತ್ರ ಇರಬಹುದಾದ ಗುರುತುಗಳನ್ನು ಅವನು ಹುಡುಕುತ್ತಾನೆ.

ನೀರಿನಲ್ಲಿ ಹರಿದ ಲಾವಾ ಎಂದು ಹೇಗೆ ತಿಳಿಯುತ್ತದೆ?

ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯ ಆಕಾರದಲ್ಲಿ ಬಾಗಿರುವ ಒಂದು ಶಿಲಾ ಪಟ್ಟಿ ಇದೆ. ಹಟ್ಟಿ–ಮಸ್ಕಿ ಹಸಿರುಶಿಲಾ ಪಟ್ಟಿ ಎಂದು ಅದಕ್ಕೆ ಹೆಸರು. ಸುತ್ತ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಇದೊಂದೇ ಕಪ್ಪು ಹಸಿರು. ಇದರ ಹೆಚ್ಚಿನ ಪಾಲು ಮೂಲದಲ್ಲಿ ಬಸಾಲ್ಟ್ ಲಾವಾ. ಆಮೇಲಿನ ಶಾಖ ಮತ್ತು ಒತ್ತಡದಲ್ಲಿ ಬೆಂದು ಆಂಫಿಬೊಲೈಟ್ ಎಂಬ ರೂಪಾಂತರ ಶಿಲೆಯಾಗಿದೆ. ಹಟ್ಟಿಯ ಚಿನ್ನ ಸಿಗುವುದು ಈ ಶಿಲೆಯ ಒಳಗೆ ಹಾದುಹೋದ ಬಿರುಕು ವಲಯಗಳಲ್ಲಿ.

ಇದು ನೀರಿನ ಅಡಿಯಲ್ಲಿ ಹರಿದದ್ದು ಎನ್ನಲು ಸಾಕ್ಷಿ, ಈ ಪಟ್ಟಿಯ ಕೆಲವು ಕಡೆ ಇನ್ನೂ ಗುರುತಿಸಬಹುದಾದ ‘ದಿಂಬು’ ರಚನೆಗಳು. ಮನೆಯಲ್ಲಿ ಶೇಂಗಾ ಉಂಡಿ ಕಟ್ಟುವಾಗ ಬೆಲ್ಲದ ಪಾಕ ಬಂದಿದೆಯೇ ಎಂದು ಹೇಗೆ ನೋಡುತ್ತಾರೆ? ಬಟ್ಟಲಿನ ತಣ್ಣೀರಿಗೆ ಒಂದು ಹನಿ ಬಿಡುತ್ತಾರೆ. ಹನಿಯ ಹೊರಮೈ ಕೂಡಲೆ ಗಟ್ಟಿಯಾಗಿ ಉಂಡೆಯಾಗುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಲಾವಾ ನೀರಿಗೆ ಇಳಿದಾಗಲೂ ಹಾಗೆಯೇ. ಹೊರಚರ್ಮ ಗಟ್ಟಿಯಾಗುತ್ತದೆ, ಒಳಗಿನ ಲಾವಾ ಅದನ್ನು ಒಡೆದು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ, ಒಂದರ ಮೇಲೊಂದು ದಿಂಬು ಒಟ್ಟಿದಂತೆ ಬೀಳುತ್ತದೆ. ಮೇಲಿನ ದಿಂಬು ಕೆಳಗಿನ ಎರಡರ ಸಂದಿಗೆ ಜೋತುಬೀಳುವುದರಿಂದ ಅದರ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಚೂಪಾಗಿರುತ್ತದೆ. ಪದರಗಳು ಆಮೇಲೆ ಮಗುಚಿದ್ದರೂ ಮೇಲು ಯಾವುದು ಕೆಳಗು ಯಾವುದು ಎಂದು ಇದರಿಂದ ತಿಳಿಯುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮ ರಾಜ್ಯದಲ್ಲೇ ಅತ್ಯುತ್ತಮ ಸ್ಥಳವಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಪ್ರವಾಸ ಹೋದರೆ ಸುತ್ತಿಗೆ ಒಯ್ಯಬೇಡಿ, ಅಲ್ಲಿಂದ ಒಂದು ಚೂರೂ ತರಬಾರದು.

ಒಂದು ಎಚ್ಚರಿಕೆ. ದಿಂಬು ಕಂಡರೆ ನೀರಿತ್ತು ಎನ್ನಬಹುದು, ಮಹಾಸಾಗರವಿತ್ತು ಎಂದು ಅಷ್ಟರಿಂದಲೇ ಹೇಳಲಾಗದು. ಕೆರೆಯ ತಳದಲ್ಲೂ ಹಿಮದ ಅಡಿಯಲ್ಲೂ ದಿಂಬುಗಳು ಆಗುತ್ತವೆ. ಲಾವಾದ ದಪ್ಪ, ಅದರ ರಾಸಾಯನಿಕ ಘಟನೆ, ಜೊತೆಗಿರುವ ಪದರಗಳು ಎಲ್ಲ ಸೇರಿದಾಗ ಸಾಗರದ ವಾದ ಗಟ್ಟಿಯಾಗುತ್ತದೆ. ನಮ್ಮ ಪ್ರಶಿಕ್ಷಣಾರ್ಥಿ ಕಲ್ಲೆತ್ತಿ ಹಿಡಿದು ಒಂದೇ ಮಾತಿನಲ್ಲಿ ಸಮುದ್ರಕ್ಕೆ ಹಾರಿದ್ದು ಇಲ್ಲಿ. ನಡುವಿನ ಮೆಟ್ಟಿಲನ್ನು ಮಕ್ಕಳಿಗೆ ತೋರಿಸಬೇಕಾಗಿತ್ತು.

ಯಾವಾಗ ಇತ್ತು: ಕಾರ್ಬನ್ ಅಲ್ಲ, ಯುರೇನಿಯಂ

ಈಗ ಎರಡನೆಯ ಪ್ರಶ್ನೆ. ಕಾರ್ಬನ್-14ರ ಅರ್ಧಾಯುಷ್ಯ 5730 ವರ್ಷ. ಅದು ಒಂದು ಕಾಲದಲ್ಲಿ ಜೀವವಿದ್ದ ವಸ್ತುಗಳಿಗೆ, ಅದರಲ್ಲೂ ಸುಮಾರು 50 ಸಾವಿರ ವರ್ಷಗಳ ಒಳಗಿನವಕ್ಕೆ ಮಾತ್ರ ನಡೆಯುತ್ತದೆ. ಲಾವಾ ಎಂದೂ ಉಸಿರಾಡಿದ್ದಲ್ಲ. ವಿಶೇಷವೆಂದರೆ ಎರಡೂ ಗಡಿಯಾರಗಳಿಗೆ ಹಟ್ಟಿಯಲ್ಲೇ ಉದಾಹರಣೆ ಇದೆ. ಅಲ್ಲಿಯ ಪುರಾತನ ಗಣಿಗಳ ಆಳದಲ್ಲಿ ಸಿಕ್ಕಿದ ಆಸರೆಯ ಮರದ ತುಂಡುಗಳಿಗೆ ಕಾರ್ಬನ್ ಪರೀಕ್ಷೆ ಮಾಡಿದಾಗ ಸುಮಾರು 2000 ವರ್ಷ ಎಂದು ಬಂತು. ನಮ್ಮ ಪೂರ್ವಿಕರು ಆ ಕಾಲಕ್ಕೇ ಅಷ್ಟು ಆಳಕ್ಕೆ ಇಳಿದಿದ್ದರು ಎಂಬುದು ಬೇರೆಯೇ ಒಂದು ಪಾಠ. ಮರ ಆತುಕೊಂಡಿದ್ದ ಬಂಡೆಗೆ ಮಾತ್ರ ಕಾರ್ಬನ್ ಏನೂ ಹೇಳಲಾರದು.

ಬಂಡೆಗೆ ಬೇಕಾದದ್ದು ಬಹಳ ನಿಧಾನದ ಗಡಿಯಾರ. ಯುರೇನಿಯಂ-238 ಸೀಸ-206 ಆಗುತ್ತದೆ, ಅರ್ಧಾಯುಷ್ಯ 446.8 ಕೋಟಿ ವರ್ಷ. ಯುರೇನಿಯಂ-235 ಸೀಸ-207 ಆಗುತ್ತದೆ, ಅರ್ಧಾಯುಷ್ಯ 70.4 ಕೋಟಿ ವರ್ಷ. ಈ ಎರಡನ್ನೂ ಹೊತ್ತುಕೊಂಡಿರುವ ಹರಳು ಜಿರ್ಕಾನ್. ಕೂದಲೆಳೆಯಷ್ಟು ಅಗಲದ, ಬಹಳ ಗಟ್ಟಿಯಾದ ಹರಳು. ಜಿರ್ಕಾನ್ ಬೆಳೆಯುವಾಗ ಜಿರ್ಕೋನಿಯಂ ಇರಬೇಕಾದ ಜಾಗದಲ್ಲಿ ಸ್ವಲ್ಪ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸುವುದೇ ಇಲ್ಲ. ಹೀಗಾಗಿ ಇಂದು ಅದರೊಳಗೆ ಕಾಣುವ ಸೀಸವೆಲ್ಲ ಅಲ್ಲೇ ಹುಟ್ಟಿದ್ದು ಎಂದು ಲೆಕ್ಕ ಹಿಡಿಯಬಹುದು.

ಇದನ್ನು ಹಲಗೆಯ ಮೇಲೆ ಸೂತ್ರ ಬರೆದು ಹೇಳುವುದಕ್ಕಿಂತ ಹುಣಸೆ ಬೀಜದಲ್ಲಿ ಆಡಿಸುವುದು ಮೇಲು. ಚೌಕಾಬಾರಕ್ಕೆ ಮಾಡುವಂತೆ ಸೀಳಿದ ಹುಣಸೆ ಪಿಚ್ಚಿ ನೂರು ಬೇಕು, ಒಂದು ಮೈ ಬಿಳಿ, ಇನ್ನೊಂದು ಕಂದು. ಒಂದು ಹಿಡಿ ಜೋಳವೂ ಬೇಕು. ಪಿಚ್ಚಿಗಳನ್ನು ತಟ್ಟೆಗೆ ಚೆಲ್ಲಿ, ಬಿಳಿ ಮೇಲಾದವನ್ನು ತೆಗೆದು ಅವುಗಳ ಬದಲು ಒಂದೊಂದು ಜೋಳದ ಕಾಳು ಇಡಿ. ಪಿಚ್ಚಿ ಯುರೇನಿಯಂ, ಜೋಳ ಸೀಸ. ಉಳಿದ ಪಿಚ್ಚಿಗಳನ್ನು ಮತ್ತೆ ಚೆಲ್ಲಿ. ನೂರು ಐವತ್ತರ ಹತ್ತಿರಕ್ಕೆ, ಐವತ್ತು ಇಪ್ಪತ್ತೈದರ ಹತ್ತಿರಕ್ಕೆ ಬರುತ್ತದೆ. ಸರಿಯಾಗಿ ಅರ್ಧ ಬರಲಿಲ್ಲ ಎಂದು ಮಕ್ಕಳು ದೂರುತ್ತಾರೆ, ಬರಲಿ. ಯಾವ ಪಿಚ್ಚಿ ಯಾವಾಗ ಮಗುಚುತ್ತದೆ ಎಂದು ಹೇಳಲಾಗದಿದ್ದರೂ ಗುಂಪಿನ ಲೆಕ್ಕ ಹೇಳಬಹುದು ಎಂಬುದೇ ಇಲ್ಲಿಯ ಕಲಿಕಾಂಶ. ಪಿಚ್ಚಿ ಒಂದು ಕಡೆಗೇ ಹೆಚ್ಚು ಬೀಳುವ ಸಾಧ್ಯತೆ ಇದೆ, ಹಿಂದಿನ ದಿನ ನೀವೇ ಚೆಲ್ಲಿ ನೋಡಿಕೊಳ್ಳಿ.

ಆಟದ ಎರಡನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ವಯಸ್ಸು ಹೇಳುವುದು ಅಲ್ಲೇ. ಒಂದು ಗುಂಪು ಎಷ್ಟು ಸಲ ಚೆಲ್ಲಿತು ಎಂದು ಹೇಳದೆ ತಟ್ಟೆಯನ್ನು ಇನ್ನೊಂದು ಗುಂಪಿಗೆ ಕೊಡಬೇಕು. ತಟ್ಟೆಯಲ್ಲಿ 24 ಪಿಚ್ಚಿ, 76 ಜೋಳ ಇವೆ. ಎಷ್ಟು ಸಲ ಚೆಲ್ಲಿರಬಹುದು? ಎರಡು ಸಲ. ಯಾರೂ ನೋಡದಿದ್ದ ಘಟನೆಯ ಕಾಲವನ್ನು ಮಕ್ಕಳೇ ಹೇಳಿದಂತಾಯಿತು. ‘ಯಾರು ನೋಡ್ಯಾರ್ರಿ’ ಎಂಬ ಮೂರನೆಯ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಆಮೇಲೆ ನೀವೇ ಗುಟ್ಟಾಗಿ ಹತ್ತು ಕಾಳು ಜೋಳ ತೆಗೆದು ತಟ್ಟೆಯನ್ನು ಕೊಡಿ. ಲೆಕ್ಕದಲ್ಲಿ ವಯಸ್ಸು ಕಡಿಮೆ ಬರುತ್ತದೆ. ನಿಜವಾದ ಹರಳುಗಳಲ್ಲೂ ಶಾಖದಿಂದಲೋ ವಿಕಿರಣದ ಹಾನಿಯಿಂದಲೋ ಸೀಸ ಸೋರಿಹೋಗುವುದುಂಟು. ಅದನ್ನು ಹಿಡಿಯುವುದು ಹೇಗೆ? ಎರಡು ಗಡಿಯಾರ ಇರುವುದು ಇದಕ್ಕೇ. ಯುರೇನಿಯಂ-235 ಇನ್ನೊಂದಕ್ಕಿಂತ ಸುಮಾರು ಆರು ಪಟ್ಟು ಬೇಗ ಓಡುತ್ತದೆ. 254 ಕೋಟಿ ವರ್ಷದ ಜಿರ್ಕಾನ್ ಹರಳೊಂದರಲ್ಲಿ ಆರಂಭದ ಪ್ರತಿ ನೂರು ಯುರೇನಿಯಂ-238 ಪರಮಾಣುಗಳಲ್ಲಿ ಸುಮಾರು 67 ಉಳಿದು 33 ಸೀಸವಾಗಿರಬೇಕು. ಅದೇ ಹರಳಿನಲ್ಲಿ ಪ್ರತಿ ನೂರು ಯುರೇನಿಯಂ-235ರಲ್ಲಿ 8 ಮಾತ್ರ ಉಳಿದು 92 ಸೀಸವಾಗಿರಬೇಕು. ಎರಡು ಲೆಕ್ಕವೂ ಒಂದೇ ವಯಸ್ಸನ್ನು ಹೇಳಿದರೆ ಹರಳು ಸೋರಿಲ್ಲ, ಬೇರೆ ಬೇರೆ ಹೇಳಿದರೆ ಏನೋ ನಡೆದಿದೆ. ಈ ಅಂಕಿಗಳನ್ನು ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ತಾವೇ ನಕ್ಷೆ ಎಳೆದು ಕಂಡುಕೊಳ್ಳಬಲ್ಲರು.

ಮಸ್ಕಿಯ ಶಾಸನದಂತೆ ಒಂದು ಪದರ

ಈಗ ನಿಜವಾದ ತೊಂದರೆ ಬರುತ್ತದೆ. ಸಾಗರದ ಬಸಾಲ್ಟಿನಲ್ಲಿ ಜಿರ್ಕಾನ್ ಬಹಳ ಅಪರೂಪ. ಸಿಲಿಕಾ ಕಡಿಮೆ ಇರುವ ಬಿಸಿ ಲಾವಾದಲ್ಲಿ ಆ ಹರಳು ಬೆಳೆಯುವುದಿಲ್ಲ. ನಮಗೆ ವಯಸ್ಸು ಬೇಕಾದ ಕಲ್ಲಿನಲ್ಲೇ ಗಡಿಯಾರ ಇಲ್ಲ ಎಂದಾಯಿತು.

ಇಂಥ ಪೇಚನ್ನು ಇತಿಹಾಸದವರು ಮಸ್ಕಿಯಲ್ಲೇ ಒಮ್ಮೆ ದಾಟಿದ್ದಾರೆ. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಶಿಲಾಶಾಸನವೊಂದನ್ನು ಕಂಡರು. ಅದುವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ಮಸ್ಕಿಯಲ್ಲಿ ಅದರ ಜೊತೆಗೆ ಅಶೋಕನ ಹೆಸರೇ ಇತ್ತು. ಹೆಸರಿರುವ ಒಂದು ಶಾಸನ ಹೆಸರಿಲ್ಲದ ಉಳಿದವುಗಳಿಗೂ ಸಾಕ್ಷಿಯಾಯಿತು. ಹಾಗೆಯೇ ಭೂವಿಜ್ಞಾನಿಗಳು ಬಸಾಲ್ಟ್ ಪದರಗಳ ನಡುವೆ ಸಿಲಿಕಾ ಹೆಚ್ಚಿರುವ ತೆಳು ಬಣ್ಣದ ಜ್ವಾಲಾಮುಖಿ ಪದರವನ್ನು ಹುಡುಕುತ್ತಾರೆ. ಅದರಲ್ಲಿ ಜಿರ್ಕಾನ್ ಇರುತ್ತದೆ. ಆ ಪದರದ ವಯಸ್ಸು ತಿಳಿದರೆ ಅದಕ್ಕೆ ಅಂಟಿಕೊಂಡ ಬಸಾಲ್ಟಿನ ಕಾಲವೂ ತಿಳಿಯುತ್ತದೆ. ಇನ್ನೊಂದು ಬದಿಯಿಂದ, ಪಟ್ಟಿ ಬಾಗಿ ಮಡಚಿಕೊಳ್ಳುತ್ತಿದ್ದ ಕಾಲದಲ್ಲಿ ಅದರ ಪಕ್ಕಕ್ಕೆ ನುಗ್ಗಿಬಂದ ಗ್ರಾನೈಟಿನ ವಯಸ್ಸು ನೋಡುತ್ತಾರೆ. ಮನೆ ಕಟ್ಟಿದ ಮೇಲೆ ತಾನೇ ಗೋಡೆಗೆ ಮೊಳೆ ಹೊಡೆಯುವುದು. ಲಾವಾ ಅದಕ್ಕಿಂತ ಮೊದಲಿನದು.

ಹಟ್ಟಿ–ಮಸ್ಕಿ ಪಟ್ಟಿಯಲ್ಲಿ ಆ ತೆಳು ಬಣ್ಣದ ಜ್ವಾಲಾಮುಖಿ ಶಿಲೆ ಸುಮಾರು 258 ಕೋಟಿ ವರ್ಷ ಹಳೆಯದು. ಪೂರ್ವಕ್ಕಿರುವ ಕವಿತಾಳದ ಗ್ರಾನೈಟ್ 254.3 ಕೋಟಿ ವರ್ಷ, ಹೆಚ್ಚುಕಡಿಮೆ 0.9 ಕೋಟಿ. ಚಿನ್ನದ ಜೊತೆ ಬೆಳೆದ ಮೊನಜೈಟ್ ಹರಳುಗಳಿಂದ ಹಟ್ಟಿಯ ಚಿನ್ನಕ್ಕೆ ಬಂದ ವಯಸ್ಸು 254.7 ಕೋಟಿ, ಹೆಚ್ಚುಕಡಿಮೆ 1 ಕೋಟಿ. ಅಂದರೆ ಲಾವಾ ಹರಿದದ್ದು 258 ಕೋಟಿಯ ಆಸುಪಾಸಿನಲ್ಲಿ ಅಥವಾ ಇನ್ನೂ ಮೊದಲು. ಅದಾದ ಮೂರು ನಾಲ್ಕು ಕೋಟಿ ವರ್ಷಗಳ ಒಳಗೆ ಅದು ಮಡಚಿ, ಬೆಂದು, ಗ್ರಾನೈಟ್ ಒತ್ತರಿಸಿ, ಚಿನ್ನ ಹೊತ್ತ ಬಿಸಿನೀರು ಬಿರುಕುಗಳಲ್ಲಿ ಏರಿ ಮುಗಿದಿತ್ತು.

ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. 254.7 ದೊಡ್ಡದು, ಹಾಗಾದರೆ ಚಿನ್ನ ಮೊದಲು, ಗ್ರಾನೈಟ್ ಆಮೇಲೆ ಅಲ್ಲವೇ? ಅಲ್ಲ. ಎರಡೂ ಅಂಕಿಗಳ ಹೆಚ್ಚುಕಡಿಮೆ ಸೇರಿಸಿ ಹಲಗೆಯ ಮೇಲೆ ಎರಡು ಗೆರೆ ಎಳೆಯಿರಿ. ಒಂದು 253.4ರಿಂದ 255.2, ಇನ್ನೊಂದು 253.7ರಿಂದ 255.7. ಗೆರೆಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಎರಡೂ ಒಂದೇ ಕಾಲದವು ಎನ್ನಬಹುದು, ಹಿಂದುಮುಂದು ಹೇಳಲು ಬರುವುದಿಲ್ಲ. ‘ಹೆಚ್ಚುಕಡಿಮೆ’ ಎಂಬುದು ವಿಜ್ಞಾನಿಯ ಅನುಮಾನವಲ್ಲ, ಎಷ್ಟು ಖಚಿತ ಎಂದು ಅಳೆದು ಹೇಳುವ ಪ್ರಾಮಾಣಿಕತೆ. ಅಂಕಿಯನ್ನು ಮಾತ್ರ ಬರೆಸಿ ಹೆಚ್ಚುಕಡಿಮೆಯನ್ನು ಬಿಟ್ಟರೆ ಅರ್ಧ ಪಾಠ ಬಿಟ್ಟಂತೆ.

ವಯಸ್ಸು ಸಿಕ್ಕಿತು, ಗಡಿ ಸಿಕ್ಕಿತೇ?

ಇಲ್ಲ. ಇಷ್ಟರಿಂದ ತಿಳಿದದ್ದು ಕಾಲ ಮಾತ್ರ. ಅಲ್ಲಿ ಎರಡು ಫಲಕಗಳ ಅಂಚಿತ್ತು ಎನ್ನಲು ಪಟ್ಟಿಯ ಎರಡೂ ಬದಿಯ ನೆಲದ ಚರಿತ್ರೆ ಬೇಕು. ಮುದಗಲ್ ಕೋಟೆಯಲ್ಲಿ ಒಂದೇ ರಾಜವಂಶದ ಶಾಸನಗಳಿದ್ದಿದ್ದರೆ ಅದು ಗಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಒಂದು ಕಾಲದವರೆಗೆ ಈಚೆಯ ಚರಿತ್ರೆ ಬೇರೆ, ಆಚೆಯದು ಬೇರೆ, ಆಮೇಲೆ ಎರಡೂ ಒಂದು ಎಂದು ತೋರಿದಾಗಲೇ ನಡುವೆ ಗಡಿಯಿತ್ತು ಎಂದೂ ಅದು ಯಾವಾಗ ಅಳಿಯಿತು ಎಂದೂ ಹೇಳಬಹುದು. 1565ರ ರಕ್ಕಸತಂಗಡಿ ಯುದ್ಧದ ನಂತರ ರಾಯಚೂರೂ ಮುದಗಲ್ಲೂ ಬಿಜಾಪುರದ ಕೈಸೇರಿದ ಮೇಲೆ ಈ ಗಡಿಯ ಕಥೆ ಹೇಗೆ ಬದಲಾಯಿತೋ ಹಾಗೆ.

ಇಂಥ ಎರಡು ಬದಿಯ ಲೆಕ್ಕವನ್ನು ಕರ್ನಾಟಕದಲ್ಲಿ ಸ್ಪಷ್ಟವಾಗಿ ಮಾಡಿದ ಹೆಸರಾಂತ ಉದಾಹರಣೆ ಹಟ್ಟಿಯದಲ್ಲ, ಅದರ ಆಗ್ನೇಯಕ್ಕೆ ಸುಮಾರು 400 ಕಿಲೋಮೀಟರ್ ದೂರದ ಕೋಲಾರದ್ದು. ಅದೂ ಹಸಿರುಶಿಲಾ ಪಟ್ಟಿಯೇ, ಅಲ್ಲೂ ಚಿನ್ನ. ಉದ್ದ ಸುಮಾರು 80 ಕಿಲೋಮೀಟರ್, ಅಗಲ ಕೆಲವೇ ಕಿಲೋಮೀಟರ್. 1989ರಲ್ಲಿ ಕ್ರಾಗ್‌ಸ್ಟಾಡ್, ಬಾಲಕೃಷ್ಣನ್, ಮುಖೋಪಾಧ್ಯಾಯ, ರಾಜಾಮಣಿ, ಹ್ಯಾನ್ಸನ್ ಎಂಬವರು ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಪಟ್ಟಿಯ ಪಶ್ಚಿಮದ ನೈಸ್ ಶಿಲೆಗಳ ವಯಸ್ಸು ಸುಮಾರು 263, 261, 255 ಕೋಟಿ ವರ್ಷ. ಅವುಗಳಲ್ಲಿ 300 ಕೋಟಿಗೂ ಹಿಂದಿನ ಹಳೆಯ ನೆಲವನ್ನು ಕರಗಿಸಿಕೊಂಡ ಗುರುತೂ ಇದೆ. ಪೂರ್ವದ ಶಿಲೆ ಸುಮಾರು 253 ಕೋಟಿ ವರ್ಷದ್ದು, ಅದರಲ್ಲಿ ಆ ಹಳೆಯ ನೆಲದ ಸುಳಿವಿಲ್ಲ. ನಡುವಿನ ಲಾವಾ ಸುಮಾರು 270 ಕೋಟಿ ವರ್ಷದ್ದು. ಜಿರ್ಕಾನ್ ಇಲ್ಲದ ಆ ಕಪ್ಪು ಶಿಲೆಗೆ ಅವರು ಸಮೇರಿಯಂ–ನಿಯೋಡಿಮಿಯಂ ಎಂಬ ಇನ್ನೂ ನಿಧಾನದ ಗಡಿಯಾರ ಬಳಸಿದ್ದರು. ಅದರ ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ. ಅಷ್ಟು ನಿಧಾನವಾದದ್ದರಿಂದ ಅದರ ಹೆಚ್ಚುಕಡಿಮೆಯೂ ದೊಡ್ಡದು. ಇನ್ನೂ ಸ್ವಾರಸ್ಯದ ಸಂಗತಿ, ಪಟ್ಟಿಯ ಪಶ್ಚಿಮ ಭಾಗದ ಲಾವಾಕ್ಕೂ ಪೂರ್ವ ಭಾಗದ ಲಾವಾಕ್ಕೂ ಮೂಲ ಬೇರೆ ಎಂದು ಅವುಗಳ ಐಸೋಟೋಪುಗಳು ಹೇಳಿದವು.

ಅವರ ತೀರ್ಮಾನ: ಎರಡು ಭೂಭಾಗಗಳು ಬೇರೆ ಬೇರೆ ಕಡೆ ಬೆಳೆದು, ಸುಮಾರು 250 ಕೋಟಿ ವರ್ಷಗಳ ಹಿಂದೆ ಕೋಲಾರದ ಗೆರೆಯಲ್ಲಿ ಕೂಡಿಕೊಂಡವು, ಚಿನ್ನದ ಪಟ್ಟಿ ಆ ಹೊಲಿಗೆ. ಮುಂದಿನ ಸಂಶೋಧಕರು ಇದನ್ನು ಇಡೀ ಧಾರವಾಡ ಭೂಭಾಗಕ್ಕೆ ವಿಸ್ತರಿಸಿ ಪಶ್ಚಿಮ, ಮಧ್ಯ, ಪೂರ್ವ ಎಂದು ಮೂರು ಖಂಡಗಳನ್ನು ಗುರುತಿಸಿದ್ದಾರೆ. ಮೊದಲ ಗೆರೆ ಚಿತ್ರದುರ್ಗ ಪಟ್ಟಿಯ ಪೂರ್ವ ಅಂಚಿನಲ್ಲಿ, ಎರಡನೆಯದು ಕೋಲಾರದಲ್ಲಿ. ರಾಮನಗರದಿಂದ ಉತ್ತರಕ್ಕೆ ಸಾಗುವ ಸುಮಾರು 252 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟ್ ಈ ಕೂಡಿಕೆಯ ಕೊನೆಯ ಕಾಲದ್ದು.

ಇದನ್ನು ಒಪ್ಪದವರೂ ಇದ್ದಾರೆ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲು ಈಗಿನದಕ್ಕಿಂತ ಬಿಸಿಯಾಗಿತ್ತು. ಆಗಿನ ಹೊರಪದರ ಇಂದಿನ ಫಲಕಗಳಂತೆ ಬಿಗಿಯಾಗಿ ಸರಿಯುತ್ತಿತ್ತೇ, ಅಥವಾ ಕೆಳಗಿನಿಂದ ಬಿಸಿ ಶಿಲೆ ಎದ್ದುಬಂದು ಲಾವಾ ಸುರಿದು, ಭಾರವಾದ ಲಾವಾ ತನ್ನ ಅಡಿಯ ಮೆತ್ತನೆಯ ನೆಲದೊಳಕ್ಕೆ ತಾನೇ ಕುಸಿಯಿತೇ ಎಂಬ ಚರ್ಚೆ ಮುಗಿದಿಲ್ಲ. ಹಟ್ಟಿ–ಮಸ್ಕಿಯ ಲಾವಾವನ್ನು ದ್ವೀಪಸಾಲಿನ ಜ್ವಾಲಾಮುಖಿಗಳ ಲಾವಾ ಎಂದು ಓದುವವರಿದ್ದಾರೆ, ಸಾಗರದ ನಡುವೆ ಎದ್ದ ಲಾವಾ ಪ್ರಸ್ಥಭೂಮಿಯದು ಎನ್ನುವವರೂ ಇದ್ದಾರೆ. ನನಗೆ ಕೋಲಾರದ ವಾದ ಬಲವಾಗಿ ಕಾಣುತ್ತದೆ, ಏಕೆಂದರೆ ಅದು ಎರಡೂ ಬದಿಯನ್ನು ಅಳೆದು ಮಾಡಿದ್ದು. ಹಟ್ಟಿಯ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ಆ ಹುಡುಗಿಗೆ ನಾನಾದರೆ ‘ನೀರು ಇದ್ದದ್ದು ಖಂಡಿತ, ಸಾಗರವಾಗಿತ್ತು ಎಂದು ಬಹಳ ಜನ ನಂಬುತ್ತಾರೆ, ಕಾಲ 258 ಕೋಟಿಯ ಸುಮಾರು, ಅಲ್ಲೊಂದು ಅಂಚಿತ್ತೇ ಎಂಬುದು ಇನ್ನೂ ವಾದದಲ್ಲಿದೆ’ ಎನ್ನುತ್ತಿದ್ದೆ. ಒಂದೇ ವಾಕ್ಯದಲ್ಲಿ ನಾಲ್ಕು ಮಟ್ಟದ ಖಚಿತತೆ ಇದೆ, ಅದನ್ನು ಎಂಟನೆಯ ತರಗತಿಯವರು ಹಿಡಿಯಬಲ್ಲರು.

ಕೋಟೆಯ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಹೇಳಿಬಿಡಬೇಕು. ದೋಆಬಿನ ಗಡಿ ಹಿಂದೆ ಮುಂದೆ ಸರಿಯಿತು, ನೆಲ ಮಾತ್ರ ಇದ್ದಲ್ಲೇ ಇತ್ತು. ಫಲಕದ ಅಂಚಿನಲ್ಲಿ ಸರಿಯುವುದು ನೆಲವೇ, ನಡುವಿನ ಸೀಮೆ ಇಲ್ಲವಾಗಿಬಿಡುತ್ತದೆ. ಇದನ್ನು ಹೇಳದಿದ್ದರೆ ಫಲಕದ ಅಂಚೆಂದರೆ ನಕ್ಷೆಯ ಮೇಲೆ ಎಳೆದ ಗೆರೆ ಎಂದು ಮಕ್ಕಳು ತಿಳಿಯುತ್ತಾರೆ.

ಅಂಚು ಅಳಿಯುವುದಷ್ಟೇ ಅಲ್ಲ, ಹುಟ್ಟುವುದೂ ಉಂಟು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ ಗಟ್ಟಿಯಾದವು. ಪಠ್ಯದಲ್ಲಿ ಅಪಸರಣ ಅಂಚಿಗೆ ಅಟ್ಲಾಂಟಿಕ್ ಸಾಗರದ ಚಿತ್ರವೇ ಇರುತ್ತದೆ. ಅದರ ಪಕ್ಕದಲ್ಲಿ ಉಡುಪಿಯ ಈ ಚಿತ್ರವನ್ನೂ ಅಂಟಿಸಿ.

ಪಾಠ ಯೋಜನೆ ಬರೆಯುವವರಿಗೆ

ಎರಡು ಅವಧಿ ಬೇಕು, ಒಂದರಲ್ಲಿ ಮುಗಿಸಲು ಹೋಗಬೇಡಿ. ಮೊದಲನೆಯದರಲ್ಲಿ ಕಲ್ಲು, ಬೆಲ್ಲದ ಪಾಕ, ಕೋಟೆಯ ಪ್ರಶ್ನೆ. ಪಾಕವನ್ನು ಶಿಕ್ಷಕರೇ ಬಿಡಬೇಕು, ಬಿಸಿ ಬೆಲ್ಲ ಕೈಗೆ ಅಂಟಿದರೆ ಕೆಟ್ಟ ಗಾಯ. ಎರಡನೆಯದರಲ್ಲಿ ಹುಣಸೆ ಪಿಚ್ಚಿ, ನಕ್ಷೆ, ‘ಹೆಚ್ಚುಕಡಿಮೆ’ಯ ಎರಡು ಗೆರೆ. ಕೋಲಾರದ ಭಾಗವನ್ನು ಎಂಟನೆಯ ತರಗತಿಗೆ ಕಥೆಯಾಗಿ ಹೇಳಿದರೆ ಸಾಕು, ಹತ್ತನೆಯ ತರಗತಿಗೆ ಅಂಕಿಗಳನ್ನು ಕೊಟ್ಟು ‘ಗಡಿ ಎಲ್ಲಿ, ಏಕೆ?’ ಎಂದು ಅವರಿಂದಲೇ ವಾದ ಮಾಡಿಸಬಹುದು. ಮೌಲ್ಯಮಾಪನಕ್ಕೆ ‘ಹಟ್ಟಿಯ ಶಿಲೆಯ ವಯಸ್ಸೆಷ್ಟು?’ ಎಂದು ಕೇಳಬೇಡಿ. ‘ಆ ವಯಸ್ಸನ್ನು ಬಸಾಲ್ಟಿನಿಂದಲೇ ಏಕೆ ತೆಗೆಯಲಿಲ್ಲ?’ ಎಂದು ಕೇಳಿ.

ಕೋಟಿಗಳನ್ನು ಬರೆಸುವಾಗ ಜಾಗ್ರತೆ ಇರಲಿ. ಇಂಗ್ಲಿಷ್ ಪುಸ್ತಕದ 2540 ಮಿಲಿಯನ್ ನಮ್ಮ 254 ಕೋಟಿ. ಈ ಸಲದ ಮೂರು ಪಾಠ ಯೋಜನೆಗಳಲ್ಲಿ ಅದು 25 ಕೋಟಿಯಾಗಿತ್ತು, ಒಂದರಲ್ಲಿ 2540 ಕೋಟಿ.

ಹಟ್ಟಿಯ ಕಡೆಯಿಂದ ಬರುವ ಮಕ್ಕಳ ಮನೆಗಳಲ್ಲಿ ಈ ಶಿಲೆಯನ್ನು ದಿನಾ ಕಾಣುವವರಿದ್ದಾರೆ. ಗಣಿಯಲ್ಲಿ ದುಡಿಯುವ ಒಬ್ಬ ಪಾಲಕರನ್ನು ಎರಡನೆಯ ಅವಧಿಗೆ ಕರೆದು ಒಳಗೆ ಕಪ್ಪು ಕಲ್ಲು ಎಲ್ಲಿ ಮುಗಿಯುತ್ತದೆ, ಬಿಳಿ ಸ್ಫಟಿಕದ ಎಳೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಿಸಿ. ನಮ್ಮ ಪ್ರಶಿಕ್ಷಣಾರ್ಥಿ ಮುಂದಿನ ವಾರ ಹಾಗೆಯೇ ಮಾಡಿದರು. ಬಂದವರು ಕಲ್ಲನ್ನು ಕೈಯಲ್ಲಿ ತೂಗಿ ನೋಡಿ, ಇದು ಚಿನ್ನದ ಎಳೆಯ ಪಕ್ಕದ್ದಲ್ಲ, ದೂರದ್ದು ಎಂದರು. ಕಲ್ಲು ತಂದಿದ್ದ ಹುಡುಗನ ಮುಖ ಸ್ವಲ್ಪ ಬಾಡಿತು. ಪ್ರಶ್ನೆ ಕೇಳಿದ್ದ ಹುಡುಗಿ ಮಾತ್ರ, ಹಾಗಾದರೆ ಬಿಸಿನೀರು ಮುಟ್ಟದ ಲಾವಾ ಇದೇ ಅಲ್ಲವೇ ಎಂದು ಕೇಳಿ ಅದನ್ನು ತನ್ನ ಬೆಂಚಿಗೆ ಒಯ್ದಳು.